ಗಿಡ್ಡ ನಳಿಗೆ, ದೂರದ ಗುರಿ

ಮೂವತ್ತೈದು ವರ್ಷ ಹುಡುಗರಿಗೆ ರಾಮಶಬ್ದವನ್ನೂ ಭೂಧಾತುವನ್ನೂ ಬಾಯಿಪಾಠ ಮಾಡಿಸಿದ ಉಪಾಧ್ಯಾಯನಿಗೆ ಕೋವಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಸಂಸಾರಿಯ ಬಳಿಗೆ ಬರುವ ಪ್ರಶ್ನೆಗಳು ಅವನು ಓದಿದ ಶಾಸ್ತ್ರವನ್ನು ವಿಚಾರಿಸಿಕೊಂಡು ಬರುವುದಿಲ್ಲ. ತೆರೆದ ಬಾಗಿಲನ್ನು ಕಂಡು ಒಳಗೆ ಬರುತ್ತವೆ. ಕಳೆದ ಮಾಘಮಾಸದ ಒಂದು ಬೆಳಗ್ಗೆ ನನ್ನ ಮನೆಗೆ ಬಂದ ಪ್ರಶ್ನೆಯು ಹಳೆಯ ಜಮಖಾನೆಯೊಂದರಲ್ಲಿ ಸುತ್ತಿಕೊಂಡು ಬಂದಿತ್ತು.

ತಂದವನು ನನ್ನ ಸೋದರಮಾವನ ಮೊಮ್ಮಗ. ವರಸೆಯಲ್ಲಿ ನನಗೆ ಅಳಿಯ. ಶಹಾಪುರಕ್ಕೂ ಸುರಪುರಕ್ಕೂ ನಡುವಣ ಹಳ್ಳಿಯೊಂದರಲ್ಲಿ ಒಕ್ಕಲುತನ ಮಾಡಿಕೊಂಡು, ಊರ ಹೊರಗೆ ಹೊಲದಲ್ಲಿಯೇ ಮನೆ ಕಟ್ಟಿಸಿ, ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಇದ್ದಾನೆ. ಜಮಖಾನೆಯನ್ನು ಬಿಚ್ಚಿದಾಗ ಒಳಗೆ ಇದ್ದುದು ಅವನ ಮುತ್ಯಾನ ಕೇಪಿನ ಕೋವಿ. ಬಾಯಿಯಿಂದ ಮದ್ದನ್ನು ತುಂಬಿ ಗಜಕಡ್ಡಿಯಿಂದ ಜಡಿಯುವ ಬಗೆಯದು. ನಳಿಗೆಯೊಂದೇ ನಲವತ್ತು ಅಂಗುಲ. ಅದನ್ನು ಕಾಣದೆ ನನಗೆ ಹತ್ತಿರ ಹತ್ತಿರ ಐವತ್ತು ವರ್ಷಗಳಾಗಿದ್ದುವು. ಕಂಡೊಡನೆ ಕೈ ಹಿಂದಕ್ಕೆ ಬಂದಿತು. ಕಾರಣವನ್ನು ಮುಂದೆ ಹೇಳುತ್ತೇನೆ.

“ಮಾಮಾ, ಪರವಾನಗಿ ನನ್ನ ಹೆಸರಿಗಿ ಆಗ್ಯದ. ಆದ್ರ ನಳಿಗಿ ಭಾಳ ಉದ್ದ. ಒಂದು ಮೊಳ ಉಳಿಸಿ ಮಿಕ್ಕಿದ್ದು ಕೊಯ್ಸಿಬಿಟ್ರ ಮನ್ಯಾಗ ತಲೆದಿಂಬಿನ ಬಲ್ಲಿ ಇಟ್ಕೊಳ್ಳಾಕ ಬರ್ತದ. ಕಳ್ಳರು ಬಂದ್ರೂ ಆಗಬೇಕು, ಹೊಲದಾಗ ಹಂದಿ ದೂರ ಇದ್ರೂ ಆಗಬೇಕು. ಎರಡಕ್ಕೂ ಆಗುವಂಥಾ ಗುಂಡು ಯಾವುದು? ನೀವು ಓದಿದವರು, ಹೇಳ್ರಿ.”

ಓದಿದವನೆಂಬ ಅಭಿಮಾನವು ಮನುಷ್ಯನಿಂದ ಏನನ್ನು ತಾನೆ ಮಾಡಿಸದು! “ಎಂಟು ದಿನ ಬಿಟ್ಟು ಬಾ, ಅಲ್ಲಿಯವರೆಗೆ ಗರಗಸ ಮುಟ್ಟಬೇಡ” ಎಂದೆ. ಕೋವಿಯನ್ನು ನನ್ನಲ್ಲಿ ಬಿಟ್ಟುಹೋಗಲು ಕಾಯಿದೆ ಒಪ್ಪದು. ಅದನ್ನು ಮತ್ತೆ ಸುತ್ತಿಕೊಂಡು ಹೊರಟುಹೋದನು.

ಮೊದಲು ನನಗೆ ಪರಿಚಿತವಾದ ದಾರಿಯನ್ನೇ ಹಿಡಿದೆ. ಶುಕ್ರನೀತಿಯಲ್ಲಿ ನಾಲಿಕಾಸ್ತ್ರದ ಪ್ರಕರಣವೊಂದಿದೆ. ಆ ಭಾಗವು ಬಹು ಪುರಾತನವಾದುದಲ್ಲವೆಂದೂ, ಕೋವಿಮದ್ದು ನಮ್ಮ ದೇಶದಲ್ಲಿ ರೂಢಿಗೆ ಬಂದ ಮೇಲೆ ಬರೆದುದೆಂದೂ ವಿದ್ವಾಂಸರು ಹೇಳುತ್ತಾರೆ. ಇರಲಿ, ಬರೆದವನು ಕೋವಿಯನ್ನು ಕಣ್ಣಾರೆ ಕಂಡವನೆಂಬುದರಲ್ಲಿ ಸಂದೇಹವಿಲ್ಲ. ಬೃಹನ್ನಾಲಿಕ, ಲಘುನಾಲಿಕ ಎಂದು ಅವನು ಎರಡು ವಿಧಗಳನ್ನು ಎಣಿಸುತ್ತಾನೆ. ಲಘುನಾಲಿಕದ ಉದ್ದ ಐದು ವಿತಸ್ತಿ, ಎಂದರೆ ಐದು ಗೇಣು. ಬುಡದಲ್ಲಿಯೂ ತುದಿಯಲ್ಲಿಯೂ ಗುರಿ ಹಿಡಿಯುವುದಕ್ಕೆ ಎಳ್ಳಿನಷ್ಟು ಒಂದೊಂದು ಬಿಂದು. ಗುಂಡು ಸೀಸದ್ದು ಅಥವಾ ಬೇರೆ ಲೋಹದ್ದು. ನಳಿಗೆಯ ಗೋಡೆ ಎಷ್ಟು ಬಲವೋ, ರಂಧ್ರ ಎಷ್ಟು ವಿಶಾಲವೋ, ಉದ್ದವೂ ಗುಂಡೂ ಎಷ್ಟು ಹೆಚ್ಚೋ ಅಷ್ಟಷ್ಟು ದೂರವನ್ನು ಅದು ಭೇದಿಸುವುದೆಂಬುದು ಅವನ ಸಿದ್ಧಾಂತ. ಒಂದು ಗೇಣಿಗೆ ಒಂಬತ್ತು ಅಂಗುಲದಂತೆ ಲೆಕ್ಕಹಾಕಿದರೆ ಐದು ಗೇಣಿಗೆ ನಲವತ್ತೈದು ಅಂಗುಲ. ನಮ್ಮ ಮಾವನ ಕೋವಿಯನ್ನು ಮಾಡಿದ ಕಮ್ಮಾರನು ಶುಕ್ರನೀತಿಯನ್ನು ಓದಿರಲಾರನು. ಆದರೂ ಅವನು ಶುಕ್ರನಿಗೆ ಬಹಳ ದೂರವಿರಲಿಲ್ಲ.

ಪುಸ್ತಕವನ್ನು ಮುಚ್ಚಿದಾಗ ವಿಜಯಪುರದ ನೆನಪಾಯಿತು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಅಲ್ಲಿಗೆ ಎಷ್ಟು ಸಲ ಕರೆದೊಯ್ದಿದ್ದೇನೋ! ಕೋಟೆಯ ಪಶ್ಚಿಮದ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಎಂಬ ಕಂಚಿನ ತೋಪು. ೧೫೪೯ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಉದ್ದ ಹದಿನಾಲ್ಕು ಅಡಿಯಷ್ಟೇ. ಬಾಯಿಯ ರಂಧ್ರವೋ ಎರಡು ಅಡಿಗೂ ಮೀರಿದುದು. ಅಲ್ಲಿಂದ ಕಾಣುವಷ್ಟು ದೂರದಲ್ಲಿ ಉಪ್ಪಲಿ ಬುರುಜು. ಅದರ ಮೇಲೆ ಸುಮಾರು ಮೂವತ್ತು ಅಡಿ ಉದ್ದದ, ಒಂದು ಅಡಿಯಷ್ಟು ರಂಧ್ರದ ಕಬ್ಬಿಣದ ತೋಪು. “ಎರಡರಲ್ಲಿ ಯಾವುದು ಹೆಚ್ಚು ರೀ, ಸರ್?” ಎಂದು ಮಕ್ಕಳು ಪ್ರತಿ ಸಲವೂ ಕೇಳುತ್ತಿದ್ದರು. “ಯಾವ ಕೆಲಸಕ್ಕೆ?” ಎಂದು ಮರುಪ್ರಶ್ನೆ ಹಾಕಬೇಕೆಂಬುದು ಆಗ ನನಗೆ ಹೊಳೆದಿರಲಿಲ್ಲ. ಸಣ್ಣ ಬಾಯಿಯ ನೀಳ ತೋಪು ದೂರದ ಶತ್ರುವಿಗೆ. ಅಗಲ ಬಾಯಿಯ ಗಿಡ್ಡ ತೋಪು ಸಮೀಪಕ್ಕೆ ನುಗ್ಗಿ ಬಂದ ಗುಂಪಿಗೆ. ೧೫೬೫ರ ರಕ್ಕಸತಂಗಡಿಯ ಯುದ್ಧದಲ್ಲಿ ಶತ್ರುಸೈನ್ಯವು ಹತ್ತಿರ ಬಂದಾಗ ಅಹಮದ್‌ನಗರದವರು ತೋಪುಗಳಿಗೆ ಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹಾರಿಸಿದರೆಂದು ಇತಿಹಾಸಗ್ರಂಥಗಳಲ್ಲಿದೆ. ನಾಣ್ಯಗಳು ಹತ್ತಿರದಲ್ಲಿ ಚೆದರಿ ಸಂಹಾರ ಮಾಡುವುವು, ದೂರಕ್ಕೆ ಹೋಗಲಾರವು. ಗುಂಡಿನ ಆಯ್ಕೆಯೆಂದರೆ ಇದೇ: ಮುಂದೆ ಇರುವವರು ಯಾರು, ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುವುದು.

ಎಂಟನೆಯ ದಿನ ಅಳಿಯನು ಬಂದನು. ಅವನನ್ನು ಎದುರಿಗೆ ಕೂರಿಸಿಕೊಂಡು ಹಳೆಯ ಕಪ್ಪು ಹಲಗೆಯನ್ನು ಗೋಡೆಗೆ ಆನಿಸಿ ಪಾಠಕ್ಕೆ ತೊಡಗಿದೆ. ಮದ್ದು ಒಂದೇ ಕ್ಷಣದಲ್ಲಿ ಉರಿದು ಮುಗಿಯುವುದಿಲ್ಲ. ಗುಂಡು ನಳಿಗೆಯಲ್ಲಿ ಓಡುತ್ತಿರುವಾಗಲೂ ಉರಿಯುತ್ತ, ಬಿಸಿ ಅನಿಲವಾಗಿ ಹಿಗ್ಗುತ್ತ, ಗುಂಡನ್ನು ಹಿಂದಿನಿಂದ ದೂಡುತ್ತಿರುತ್ತದೆ. ನಳಿಗೆ ಗಿಡ್ಡವಾದರೆ ದೂಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ; ಮಿಕ್ಕ ಶಕ್ತಿಯೆಲ್ಲ ಕೋವಿಯ ಬಾಯಿಯಲ್ಲಿ ಜ್ವಾಲೆಯಾಗಿ, ಶಬ್ದವಾಗಿ ವ್ಯರ್ಥವಾಗುತ್ತದೆ.

ಇನ್ನು ಗುಂಡಿನ ಪತನ. ಅಡ್ಡವಾಗಿ ಹಾರುವ ಗುಂಡೂ ಕೈಯಿಂದ ಜಾರಿದ ಕಲ್ಲಿನಂತೆಯೇ ಭೂಮಿಯ ಕಡೆಗೆ ಬೀಳುತ್ತಿರುತ್ತದೆ: ಅರ್ಧ ಸೆಕೆಂಡಿಗೆ ನಾಲ್ಕು ಅಡಿ, ಒಂದು ಸೆಕೆಂಡಿಗೆ ಹದಿನಾರು ಅಡಿ. ಉದ್ದ ನಳಿಗೆಯಿಂದ ಗುಂಡು ಸೆಕೆಂಡಿಗೆ ೧೨೦೦ ಅಡಿ ವೇಗದಲ್ಲಿಯೂ, ಕೊಯ್ದ ನಳಿಗೆಯಿಂದ ೮೦೦ ಅಡಿ ವೇಗದಲ್ಲಿಯೂ ಹೊರಡುತ್ತದೆಂದು ಇಟ್ಟುಕೊಳ್ಳೋಣ. ನೂರು ಗಜವನ್ನು ಮುಟ್ಟುವಷ್ಟರಲ್ಲಿ ಮೊದಲನೆಯದು ಒಂದು ಅಡಿ ಇಳಿದಿರುತ್ತದೆ. ಎರಡನೆಯದು ಎರಡೂಕಾಲು ಅಡಿ. ಇನ್ನೂರು ಗಜಕ್ಕೆ ಮೊದಲನೆಯದು ನಾಲ್ಕು ಅಡಿ. ಎರಡನೆಯದು ಒಂಬತ್ತು ಅಡಿ. ಇದರಲ್ಲಿ ಗಾಳಿಯ ತಡೆಯನ್ನು ಹಿಡಿದಿಲ್ಲ. ಹಿಡಿದರೆ ಇನ್ನೂ ಹೆಚ್ಚು. ಗುರಿಯ ಬಿಂದುಗಳ ಮಾತೂ ಹಾಗೆಯೇ. ಅವೆರಡರ ನಡುವೆ ನಲವತ್ತು ಅಂಗುಲವಿದ್ದು ಕಣ್ಣು ಅಂಗುಲದ ಇಪ್ಪತ್ತನೆಯ ಒಂದು ಪಾಲು ತಪ್ಪಿದರೆ ನೂರು ಗಜದಲ್ಲಿ ನಾಲ್ಕೂವರೆ ಅಂಗುಲದ ತಪ್ಪು. ನಡುವೆ ಇಪ್ಪತ್ತೇ ಅಂಗುಲವಿದ್ದರೆ ಅದೇ ಕಣ್ಣಿನ ತಪ್ಪಿಗೆ ಒಂಬತ್ತು ಅಂಗುಲ.

“ಹಂಗಾದ್ರ ಮದ್ದು ಜಾಸ್ತಿ ಹಾಕಿದ್ರಾಯ್ತಲ್ಲ?” ಎಂದನು. ಹೆಚ್ಚಿಗೆ ಹಾಕಿದ್ದು ಗಿಡ್ಡ ನಳಿಗೆಯ ಹೊರಗೆ ಉರಿಯುವುದೇ ಹೆಚ್ಚು. ಹೆಗಲಿಗೆ ಪೆಟ್ಟು, ಕಣ್ಣಿಗೆ ಕತ್ತಲೆ, ಹಳೆಯ ಕಬ್ಬಿಣ ಸೀಳುವ ಭಯ. ಈ ಕೋವಿಗಳು ಕರಿಮದ್ದಿಗಾಗಿ ಮಾಡಿದವು; ಈಗಿನ ಹೊಗೆಯಿಲ್ಲದ ಮದ್ದನ್ನು ತುಂಬಿದರೆ ಬುಡವೇ ಒಡೆದು ಹಾರಿಸುವವನನ್ನು ಕೊಲ್ಲಬಹುದು. “ಗುಂಡು ಭಾರದ್ದು ಹಾಕಿದ್ರ?” ಭಾರದ ಗುಂಡು ತನ್ನ ಓಟವನ್ನು ಗಾಳಿಗೆ ಬೇಗ ಬಿಟ್ಟುಕೊಡುವುದಿಲ್ಲವೆಂಬುದು ದಿಟ, ಆದರೆ ನಿಧಾನವಾಗಿ ಹೊರಡುವುದರಿಂದ ಬಾಗಿ ಬೀಳುತ್ತದೆ. ಹಗುರದ ಗುಂಡು ಬೇಗ ಹೊರಟು ಬೇಗ ದಣಿಯುತ್ತದೆ. ಚರೆ, ಎಂದರೆ ಸೀಸದ ಸಣ್ಣ ಕಾಳುಗಳು, ಗಜಕ್ಕೆ ಒಂದು ಅಂಗುಲದಂತೆ ಹರಡಿಕೊಳ್ಳುವುವೆಂಬುದು ಹಳೆಯ ಬೇಟೆಗಾರರ ಸ್ಥೂಲವಾದ ಲೆಕ್ಕ: ಕೋಣೆಯೊಳಗೆ ಅಂಗೈಯಷ್ಟು, ನಲವತ್ತು ಗಜದಲ್ಲಿ ಆಳುದ್ದದ ಅರ್ಧಕ್ಕಿಂತ ಹೆಚ್ಚು. ಯಾವ ಗುಂಡೂ ಒಂದನ್ನು ಕೊಡುವಾಗ ಇನ್ನೊಂದನ್ನು ಕಸಿದುಕೊಳ್ಳದೆ ಕೊಡುವುದಿಲ್ಲ.

“ನಮ್ಮ ಸುರಪುರದವರು ಹೊಡೀತಿದ್ರಂತಲ್ಲ, ಮಾಮಾ?” ಎಂದು ಅವನು ಸೋಲೊಪ್ಪದೆ ಕೇಳಿದನು. ಹೊಡೆಯುತ್ತಿದ್ದರು, ಅದು ನಮ್ಮ ಸೀಮೆಯ ಕೀರ್ತಿ. ೧೭೦೫ರಲ್ಲಿ ಔರಂಗಜೇಬನು ಎಂಬತ್ತಾರು ವರ್ಷದ ಮುದುಕನಾಗಿ ತಾನೇ ದಂಡೆತ್ತಿ ಬಂದು ವಾಗಿನಗೇರಿಗೆ ಮುತ್ತಿಗೆ ಹಾಕಿದಾಗ, ಪೀತಾಂಬರಿ ಪಿಡ್ಡನಾಯಕನ ಬೇಡಪಡೆಯು ತಿಂಗಳುಗಟ್ಟಲೆ ಅವನನ್ನು ತಡೆದು ನಿಲ್ಲಿಸಿತು. ಆ ಪಡೆಯ ಬಂದೂಕುಗಾರರ ಗುರಿಗೆ ಮೊಗಲ ಸೈನ್ಯವೆಲ್ಲ ಅಂಜುತ್ತಿತ್ತು. ಆದರೆ ಅವರು ಗುಡ್ಡದ ಬಂಡೆಯನ್ನು ಮರೆಮಾಡಿಕೊಂಡು, ಬತ್ತಿಯ ಬಂದೂಕನ್ನು ಕಲ್ಲಿಗೆ ಆನಿಸಿ, ತಾವು ಬಾಲ್ಯದಿಂದ ಬಲ್ಲ ನೆಲದ ಮೇಲೆ, ತಾವು ಬಲ್ಲ ದೂರಕ್ಕೆ ಹೊಡೆಯುತ್ತಿದ್ದವರು. ಅವರ ಗುಟ್ಟು ಗುಂಡಿನಲ್ಲಿರಲಿಲ್ಲ. ಇಂಥ ದೂರಕ್ಕೆ ಹೊಡೆಯುವುದು, ಅದಕ್ಕೆ ಮೀರಿದರೆ ಕಾಯುವುದು ಎಂಬ ತಿಳಿವಿನಲ್ಲಿತ್ತು.

ಶತಮಾನಕ್ಕೆ ಮೀರಿ ಕಾಲ ಕಳೆದು ರಾಜಾ ವೆಂಕಟಪ್ಪನಾಯಕನು ೧೮೫೮ರ ಫೆಬ್ರವರಿಯಲ್ಲಿ ಇಂಗ್ಲಿಷರನ್ನು ಎದುರಿಸಿದ ಹೊತ್ತಿಗೆ ಆ ದೂರವೇ ಬದಲಾಗಿತ್ತು. ಇಂಗ್ಲಿಷರ ಹೊಸ ಎನ್‌ಫೀಲ್ಡ್ ಬಂದೂಕಿನ ನಳಿಗೆಯೊಳಗೆ ತಿರುಪಿನ ಗೀರುಗಳಿದ್ದುವು. ಗುಂಡು ಬುಗುರಿಯಂತೆ ತಿರುಗುತ್ತ ಹೋಗಿ ಹಳೆಯ ಬಂದೂಕಿಗೆ ನಿಲುಕದ ದೂರವನ್ನು ಮುಟ್ಟುತ್ತಿತ್ತು. ಪಾದಚಾರಿಗೆ ಮೂವತ್ತೊಂಬತ್ತು ಅಂಗುಲದ ನಳಿಗೆ. ಕುದುರೆ ಸವಾರನಿಗೆ ಅದೇ ಜಾತಿಯ ಇಪ್ಪತ್ತೊಂದು ಅಂಗುಲದ ಗಿಡ್ಡ ನಳಿಗೆ. ಗಿಡ್ಡದಕ್ಕೆ ಮದ್ದಿನ ಅಳತೆಯನ್ನೂ ಇಳಿಸಿದ್ದರು. ದೂರವನ್ನು ಬಿಟ್ಟುಕೊಟ್ಟು, ಕುದುರೆಯ ಮೇಲೆ ಹಿಡಿಯುವ ಸೌಕರ್ಯವನ್ನು ಕೊಂಡುಕೊಂಡರು. ದಂಗೆ ಅಡಗಿದ ಮೇಲೆ ಇಂಗ್ಲಿಷರು ದೇಶೀ ಸಿಪಾಯಿಗಳಿಗೆ ಗೀರಿಲ್ಲದ ನುಣುಪು ನಳಿಗೆಯ ಬಂದೂಕುಗಳನ್ನೇ ಕೊಟ್ಟರು. ಯಾರ ಕೈಗೆ ಎಷ್ಟು ದೂರವನ್ನು ಕೊಡಬೇಕೆಂಬುದು ರಾಜ್ಯಭಾರದ ಲೆಕ್ಕವೂ ಆಗಿತ್ತು.

ಇಂದಿನ ವಿದ್ಯೆಯೂ ಈ ನಿಯಮವನ್ನು ಮೀರಿಲ್ಲ. ನಮ್ಮ ಸೈನ್ಯದ ಇನ್ಸಾಸ್ ರೈಫಲಿನ ನಳಿಗೆ ೪೬೪ ಮಿಲಿಮೀಟರು. ಗುಂಡಿನ ವೇಗ ಸೆಕೆಂಡಿಗೆ ಸುಮಾರು ೯೦೦ ಮೀಟರು. ಅದೇ ತೋಟೆಯನ್ನು ಅದರ ಗಿಡ್ಡ ರೂಪಕ್ಕೆ ಹಾಕಿ ನೋಡಿದಾಗ ಜ್ವಾಲೆಯೂ ಪೆಟ್ಟೂ ಅತಿಯಾದುವು. ಕಡೆಗೆ ಪುಣೆಯ ಆಯುಧ ಸಂಶೋಧಕರು ಗಿಡ್ಡ ನಳಿಗೆಗೆಂದೇ ಬೇರೊಂದು ಗಿಡ್ಡ ತೋಟೆಯನ್ನು ಮಾಡಿದರು: ೪೫ ಮಿಲಿಮೀಟರಿನ ಬದಲು ೩೦ ಮಿಲಿಮೀಟರಿನದು. ಅದರ ಪರಿಣಾಮಕಾರಿ ದೂರ ಇನ್ನೂರು ಮೀಟರು. ಅಮೆರಿಕದವರು ಗಿಡ್ಡ ರೈಫಲಿಗೆಂದು ೨೦೧೧ರಲ್ಲಿ ಅಂಗೀಕರಿಸಿದ ಬ್ಲ್ಯಾಕ್‌ಔಟ್ ಎಂಬ ತೋಟೆಯಲ್ಲಿಯೂ ಎರಡು ಬಗೆ: ಹಗುರದ ವೇಗದ ಗುಂಡೊಂದು, ಶಬ್ದದ ವೇಗಕ್ಕಿಂತ ನಿಧಾನವಾಗಿ ಸಾಗುವ ಭಾರದ ಗುಂಡೊಂದು. ಒಂದೇ ಕೋವಿಯಲ್ಲಿ ಎರಡನ್ನೂ ಹಾರಿಸಬಹುದು. ಒಂದೇ ಗುಂಡಿನಿಂದ ಎರಡು ಕೆಲಸಗಳನ್ನೂ ಮಾಡಿಸಲಾಗದು. ಕೋಟಿಗಟ್ಟಲೆ ಹಣವನ್ನು ವೆಚ್ಚಮಾಡಿದವರಿಗೆ ದೊರೆಯದ ಗುಂಡು ನಮ್ಮ ಹಳ್ಳಿಯ ಗರಗಸಕ್ಕೆ ದೊರೆತೀತೆ?

ದೂರದ ಮಾತು ಇಲ್ಲಿಗೆ ಮುಗಿಯಿತು. ತಲೆದಿಂಬಿನ ಕೋವಿಯ ಮಾತು ಉಳಿದಿತ್ತು. ಅದಕ್ಕೂ ಸುರಪುರದ ಕಥೆಯನ್ನೇ ಹೇಳಿದೆ. ವೆಂಕಟಪ್ಪನಾಯಕನನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರನು ತನ್ನ ಆತ್ಮಚರಿತ್ರೆಯಲ್ಲಿ ರಾಜನ ಕೊನೆಯನ್ನು ಬರೆದಿದ್ದಾನೆ. ಶಿಕ್ಷೆಯನ್ನು ನಾಲ್ಕು ವರ್ಷದ ಸೆರೆಗೆ ಇಳಿಸಿ ರಾಜನನ್ನು ಹೈದರಾಬಾದಿನಿಂದ ಚೆಂಗಲ್ಪಟ್ಟಿನ ಕಡೆಗೆ ಕರೆದೊಯ್ಯುತ್ತಿದ್ದಾಗ, ಮೊದಲನೆಯ ಬಿಡಾರದಲ್ಲಿ ಕಾವಲಿನ ಅಧಿಕಾರಿಯು ತನ್ನ ನಡುಪಟ್ಟಿಯನ್ನು ತುಂಬಿದ ರಿವಾಲ್ವರಿನ ಸಮೇತ ಕುರ್ಚಿಗೆ ತೂಗುಹಾಕಿ ಡೇರೆಯ ಹೊರಗೆ ಹೋದನಂತೆ. ಕ್ಷಣದಲ್ಲಿ ಒಂದು ಶಬ್ದ. ಬಂದು ನೋಡಿದರೆ ಇಪ್ಪತ್ತನಾಲ್ಕರ ಸುಮಾರಿನ ರಾಜನು ಗತಪ್ರಾಣನಾಗಿದ್ದನು. ಅದು ನಡೆದ ಬಗೆ ಹೇಗೇ ಇರಲಿ, ಕಾವಲಿಗೆಂದು ತಂದ ಆಯುಧವು ಕಾಯಬೇಕಾದವನ ಪ್ರಾಣವನ್ನೇ ತೆಗೆಯಿತು. ಸಣ್ಣ ಆಯುಧದ ಸೌಕರ್ಯವೇ ಅದರ ದೋಷ: ಅದು ಯಾರ ಕೈಗಾದರೂ ಸುಲಭವಾಗಿ ಒದಗುತ್ತದೆ. ಮನೆಯಲ್ಲಿ ಕಳ್ಳನು ಬರುವುದು ವರ್ಷಕ್ಕೊಮ್ಮೆಯೋ ಜನ್ಮಕ್ಕೊಮ್ಮೆಯೋ; ಮಕ್ಕಳ ಕೈಗಳು ಮಾತ್ರ ದಿನಕ್ಕೆ ನೂರು ಸಲ ತಲೆದಿಂಬಿನ ಹತ್ತಿರ ಸುಳಿಯುತ್ತಿರುತ್ತವೆ.

ಅಳಿಯನು ಮಾತಾಡಲಿಲ್ಲ. ಆಗ, ಐವತ್ತು ವರ್ಷ ಯಾರ ಮುಂದೆಯೂ ಹೇಳದಿದ್ದುದನ್ನು ಅವನ ಮುಂದೆ ಹೇಳಿದೆ.

ಅದು ೧೯೭೭ರ ಚಳಿಗಾಲ. ನನಗೆ ಹನ್ನೆರಡು ವರ್ಷ. ಆಗ ಆ ಹೊಲಗಳಿಗೆ ಕಾಲುವೆಯ ನೀರು ಬಂದಿರಲಿಲ್ಲ. ಹಿಂಗಾರಿ ಜೋಳವೇ ಬದುಕು. ಸೀತನಿಯ ಕಾಲದಲ್ಲಿ ಹಂದಿಗಳ ಹಾವಳಿ. ಮಾವನು ಈ ಕೋವಿಯನ್ನು ಹಿಡಿದು ಅಟ್ಟಣೆಯಲ್ಲಿ ರಾತ್ರಿಯೆಲ್ಲ ಕೂಡುವನು. ನಾನು ಹಟಮಾಡಿ ಅವನ ಜೊತೆಗೆ ಹೋಗುವೆನು. ಆ ರಾತ್ರಿ ಮಾವನು ಬಟ್ಟೆಯಲ್ಲಿ ಸುತ್ತಿದ ಒಂದೇ ಗುಂಡನ್ನು ಜಡಿಯಲು ಹೊರಟಿದ್ದನು. ನಾನು, “ಮಾಮಾ, ಗುಂಡು ತಪ್ಪಿದ್ರ ಚರೆ ತಾಗ್ತಾವ, ಎರಡೂ ಹಾಕ್ರಿ” ಎಂದೆ. ಇದು ನನ್ನ ಕಲ್ಪನೆಯೆಂದು ಬೀಗುತ್ತಿದ್ದೆ. ಒಂದು ಗುಂಡಿಗೆ ಮೂರು ದಪ್ಪ ಚರೆಗಳನ್ನು ಸೇರಿಸುವ ಪದ್ಧತಿಯು ಅಮೆರಿಕದ ಸೈನ್ಯದಲ್ಲಿ ಹಿಂದೆ ಇದ್ದಿತೆಂದು ಆಮೇಲೆ ಓದಿದೆ. ಅದು ಸಾಲಾಗಿ ಹತ್ತಿರ ಬಂದು ನಿಂತ ಶತ್ರುವಿಗೆಂದು ಮಾಡಿದುದು. ಮಾವನು ನಕ್ಕು, ಬಟ್ಟೆಯನ್ನು ಬಿಚ್ಚಿ, ಗುಂಡನ್ನು ಬರಿದಾಗಿಯೇ ಇಳಿಬಿಟ್ಟನು. ಅದರ ಮೇಲೆ ಚರೆಯ ಹಿಡಿಯನ್ನು ಅವನ ಅಂಗೈಗೆ ಸುರಿದವನು ನಾನು.

ನಡುರಾತ್ರಿ ನಲವತ್ತು ಗಜದಲ್ಲಿ ದಂಟು ಅಲುಗಿತು. ಕಪ್ಪಗೆ ಹಂದಿ ಕಂಡಿತು, ಅದು ಹಂದಿಯೇ. ಮಾವನು ಹೊಡೆದನು. ಬಟ್ಟೆಯ ಬಿಗಿಯಿಲ್ಲದ ಗುಂಡು ಎತ್ತಲೋ ಹೋಯಿತು, ಹಂದಿ ಓಡಿತು. ಆದರೆ ಅದರ ಎಡಕ್ಕೆ, ಬದುವಿನ ಹತ್ತಿರ, “ಯವ್ವಾ” ಎಂಬ ಕೂಗು ಕೇಳಿತು. ಡಬ್ಬ ಬಡಿದು ಹಂದಿಗಳನ್ನು ಬೆದರಿಸಲು ಆ ಕಡೆಗೆ ಹೋಗಿದ್ದ ನಮ್ಮ ಮನೆಯ ಆಳು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಒಯ್ಯುತ್ತಿದ್ದ ಕಾಕಾ, ಬಿದ್ದಿದ್ದನು. ಒಂಟಿ ಗುಂಡಾಗಿದ್ದರೆ ಅವನ ದಾರಿಗೆ ಬರುತ್ತಿರಲಿಲ್ಲ. ಮೂರು ಕಾಳುಗಳು ಮೊಣಕಾಲನ್ನು ಹೊಕ್ಕಿದ್ದುವು. ಕಾಲು ಉಳಿಯಿತು, ಮಡಚಲು ಬರಲಿಲ್ಲ. ಮಾವನು ಅವನಿಗೆ ಎರಡು ಎಕರೆ ಹೊಲವನ್ನು ಬರೆದುಕೊಟ್ಟು, ಕೋವಿಯನ್ನು ತೊಲೆಗೆ ಕಟ್ಟಿದವನು ಮತ್ತೆ ಇಳಿಸಲಿಲ್ಲ. ತಪ್ಪು ತನ್ನದೆಂದೇ ಊರಿಗೆಲ್ಲ ಹೇಳಿದನು. ನನ್ನ ಹೆಸರನ್ನು ಎತ್ತಲಿಲ್ಲ.

ದೊಡ್ಡವನಾದ ಮೇಲೆ ಒಮ್ಮೆ ಕಾಕಾನ ಮುಂದೆ ನಾನೇ ಒಪ್ಪಿಕೊಂಡೆ. ಅವನು ಕಾಲು ಚಾಚಿಕೊಂಡು ಕೂತು ಹಗ್ಗ ಹೊಸೆಯುತ್ತಿದ್ದನು; ತಲೆಯನ್ನೆತ್ತದೆ, “ಗುಂಡು ಹಂದೀದಿತ್ತು, ತಮ್ಮಾ; ಕಾಳು ನನ್ನವಿದ್ದುವು” ಎಂದನು. ಸಿಟ್ಟಿನಿಂದ ಹೇಳಿದನೋ ಸಮಾಧಾನಕ್ಕೆ ಹೇಳಿದನೋ ಇಂದಿಗೂ ಬಗೆಹರಿದಿಲ್ಲ.

ಇಷ್ಟು ಹೇಳಿ, ಕಾಯಿದೆಯ ಮಾತನ್ನೂ ತಿಳಿಸಿದೆ. ೧೯೫೯ರ ಆಯುಧ ಕಾಯಿದೆಯಲ್ಲಿ, ಆತ್ಮರಕ್ಷಣೆಗೆಂದು ಪರವಾನಗಿ ಕೊಡುವ ನುಣುಪು ನಳಿಗೆಯ ಕೋವಿಯು ಇಪ್ಪತ್ತು ಅಂಗುಲಕ್ಕೆ ಕಡಿಮೆಯಿರಬಾರದೆಂದಿದೆ. ಬಾಯಿಯಿಂದ ತುಂಬುವ ಕೋವಿಗೆ ಪರವಾನಗಿ ಇರುವುದು ನಿಜವಾದ ಬೆಳೆಕಾವಲಿಗೆ. ಪ್ರತ್ಯೇಕ ಪರವಾನಗಿಯಿಲ್ಲದೆ ನಳಿಗೆಯನ್ನು ಕೊಯ್ಯುವುದೇ ಅಪರಾಧ. ಅದಕ್ಕೆ ಸೆರೆಮನೆಯ ಶಿಕ್ಷೆಯುಂಟು. ಅವನು ಕೇಳಿದ ಒಂದು ಮೊಳವೆಂದರೆ ಹದಿನೆಂಟೇ ಅಂಗುಲ. ಹಂದಿಯನ್ನು ಕೊಲ್ಲುವುದಕ್ಕೂ ೧೯೭೨ರ ವನ್ಯಜೀವಿ ಕಾಯಿದೆಯಂತೆ ಅಧಿಕಾರಿಗಳ ಲಿಖಿತ ಅಪ್ಪಣೆ ಬೇಕು. ಬೆಳೆಕಾವಲಿನ ಕೋವಿಯಿದ್ದ ಮಾತ್ರಕ್ಕೆ ಆ ಅಧಿಕಾರ ಬಾರದು.

ಕೊನೆಗೆ ಅವನ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಹೊಲಕ್ಕೆ: ನಳಿಗೆ ಇದ್ದಷ್ಟೇ ಇರಲಿ. ಅಪ್ಪಣೆ ದೊರೆತ ದಿನ ಬಟ್ಟೆ ಸುತ್ತಿದ ಒಂದೇ ಗುಂಡು. ಅದೂ ಅಟ್ಟಣೆಯ ಮೇಲಿನಿಂದ ಕೆಳಕ್ಕೆ, ಹಿಂದೆ ಮಣ್ಣಿನ ದಿಬ್ಬವಿರುವ ಕಡೆಗೆ, ಐವತ್ತು ಗಜದೊಳಗೆ, ಹೊಲದಲ್ಲಿ ಮತ್ತಾರೂ ಇಲ್ಲವೆಂದು ಕೂಗಿ ಕೇಳಿ ತಿಳಿದ ಮೇಲೆ. ಮಿಕ್ಕ ದಿನಗಳಿಗೆ ಮುಳ್ಳುಬೇಲಿ, ದೀಪ, ಡಬ್ಬ. ಮನೆಗೆ: ಗಟ್ಟಿ ಅಗುಳಿ, ಎರಡು ನಾಯಿ, ಹೊರಗೊಂದು ದೀಪ, ನೆರೆಯವರ ಟೆಲಿಫೋನು ನಂಬರು. ಕೋವಿಯು ಖಾಲಿಯಾಗಿ ಬೀಗದೊಳಗೆ. ಮದ್ದು ಮತ್ತು ಕೇಪುಗಳು ಬೇರೆ ಬೀಗದೊ‌ಳಗೆ.

ಅವನು ಬಹಳ ಹೊತ್ತು ಹಲಗೆಯ ಮೇಲಿನ ಲೆಕ್ಕವನ್ನು ನೋಡುತ್ತಿದ್ದನು. ಆಮೇಲೆ, “ಮುತ್ಯಾ ಕಾಳಿನ ಮಾತು ನಮಗೆ ಯಾರಿಗೂ ಹೇಳಿರಲಿಲ್ಲ, ಮಾಮಾ” ಎಂದನು. “ಹೇಳಬೇಕಾದವನು ಅವನಲ್ಲ” ಎಂದೆ.

ಕಳೆದ ತಿಂಗಳು ಅವನ ಮನೆಗೆ ಹೋಗಿದ್ದೆ. ಬಾಗಿಲಿಗೆ ಹೊಸ ಅಗುಳಿ ಬಂದಿತ್ತು. ಒಳಗಿನ ಕೋಣೆಯಲ್ಲಿ ಬೀಗದ ಪೆಟ್ಟಿಗೆಯೊಂದನ್ನು ತೋರಿಸಿದನು. ಸಾಧಾರಣ ಪೆಟ್ಟಿಗೆಗಿಂತ ಬಹಳ ಉದ್ದವಾದುದರಿಂದ ಬಡಗಿಯು ಕೂಲಿಯನ್ನು ಹೆಚ್ಚಿಗೆ ಕೇಳಿದನಂತೆ. “ಕೊಡು, ಅದಕ್ಕೇನು” ಎಂದೆ. ಅಂಗಳದಲ್ಲಿ ಅವನ ಕಿರಿಯ ಮಗನು ಜೋಳದ ದಂಟಿನ ಬಂದೂಕನ್ನು ಮಾಡಿಕೊಂಡು ನನ್ನ ಕಡೆಗೆ ಗುರಿಯಿಟ್ಟು ನಿಂತಿದ್ದನು. ಅವನನ್ನು ಹತ್ತಿರ ಕರೆದು, ದಂಟನ್ನು ಸಿಗಿದು, ಇಬ್ಬರೂ ಪಾಲು ಹಂಚಿಕೊಂಡು ತಿಂದೆವು.